ಹಿಂದಿನ ಸೀಟಿನ ಉತ್ತರ

ಸೀತಾಂಗೋಳಿಯಲ್ಲಿ ಆ ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮಾರ್ಗಕ್ಕೆ ಮರ ಬಿದ್ದು ಬಸ್ಸು ನಿಂತಿತ್ತು. ಗುಣಪಾಲನ ಚಹಾದಂಗಡಿಯಲ್ಲಿ ಸಿಕ್ಕಿಬಿದ್ದವರಲ್ಲಿ ಎಡನೀರಿಗೆ ಹೋಗಬೇಕಾಗಿದ್ದ ಈಶ್ವರಿ ಟೀಚರೂ ಒಬ್ಬರು. ಯಾರು ಏನು ಹೇಳಿದರೂ ಎರಡು ಪ್ರಶ್ನೆ ಕೇಳದೆ ನಂಬುವ ಜಾಯಮಾನ ಅವರದಲ್ಲ. ಮುದುಕ ಟ್ಯಾಕ್ಸಿ ಡ್ರೈವರ್ ಕಿಟ್ಟಣ್ಣ ಮಾತ್ರ ಆರಾಮವಾಗಿ ಕಾಲು ಚಾಚಿ ಕೂತಿದ್ದ.

"ಒಳದಾರಿಯಲ್ಲಿ ನಾನು ಬಿಡ್ತೇನೆ ಟೀಚರ್. ಮಳೆ ಸ್ವಲ್ಪ ತಗ್ಗಲಿ" ಎಂದ.

ಅವನ ಹಳೆಯ ಅಂಬಾಸಡರ್ ಎದುರಿನ ಮರದಡಿ ನಿಂತಿತ್ತು. ಯಾರು ಹತ್ತಿದರೂ ಕಿಟ್ಟಣ್ಣ ತಾನೇ ಇಳಿದು, ನಾಲ್ಕೂ ಬಾಗಿಲು ಹಾಕಿದೆಯೇ ಎಂದು ಎಳೆದು ಪರೀಕ್ಷಿಸಿ, ಒಳಗಿದ್ದವರ ಮುಖ ನೋಡಿಯೇ ಹೊರಡುವುದು. ಊರವರಿಗೆ ಅದೊಂದು ತಮಾಷೆ.

"ಬಾಗಿಲು ಹಾಕಿದೆ ಅಂತ ನಾವು ಹೇಳಿದ್ರೆ ಸಾಕಾಗುದಿಲ್ವಾ ಕಿಟ್ಟಣ್ಣ?" ಟೀಚರ್ ನಕ್ಕರು.

ಕಿಟ್ಟಣ್ಣ ನಗಲಿಲ್ಲ.

"ಅದೇ ಸಾಕಾಗುದಿಲ್ಲ ಟೀಚರ್... ಬೇಳದ ಇಗ್ನೇಶಿಯಸ್ ಕ್ಯಾಪ್ಟನ್ರು ಗೊತ್ತುಂಟಲ್ವಾ? ಮೊದಲು ಏರ್‌ಫೋರ್ಸ್‌ನಲ್ಲಿ ಇದ್ದದ್ದು ಅವರು. ಹಿಮದ ಗುಡ್ಡೆಗಳಲ್ಲಿ ಕೂತ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ ಹೊತ್ತುಕೊಂಡು ಹೋಗುವ ದೊಡ್ಡ ವಿಮಾನ. ಅದರ ಹಿಂದಿನ ಬಾಗಿಲು ನೋಡಿಕೊಳ್ಳುವವ ನಮ್ಮ ಅಡೂರಿನ ಹರಿನಾಥ. ಎಲ್ಲಿಯ ಹಿಮಾಲಯ, ಎಲ್ಲಿಯ ಕಾಸರಗೋಡು... ಇಬ್ಬರೂ ಅಣ್ಣತಮ್ಮನ ಹಾಗೆ ಇದ್ರು ಮಾರಾಯ್ರೆ. ಹೊರಡುವ ಮೊದಲು ಇವರು ಎದುರಿನಿಂದ 'ಡೋರ್?' ಅಂತ ಕೇಳ್ಬೇಕು, ಅವ ಹಿಂದಿನಿಂದ 'ಕ್ಲೋಸ್ಡ್ ಸರ್' ಅನ್ಬೇಕು. ಆ ಉತ್ತರ ಕಿವಿಗೆ ಬಿದ್ರೆ ಮತ್ತೆ ತಿರುಗಿ ನೋಡುವ ಮಾತೇ ಇಲ್ಲ. ಅದು ಅವರ ಕ್ರಮ.

ಎಂಬತ್ತಾರನೇ ಇಸವಿ. ಗುಡ್ಡೆಗಳ ನಡುವಿನ ಸಣ್ಣದೊಂದು ರನ್‌ವೇಯಲ್ಲಿ ವಿಮಾನ ಇಳಿಸಿದ್ರು. ಎಂಜಿನ್ ನಿಲ್ಲಿಸ್ಲಿಕ್ಕಿಲ್ಲ, ಆ ಚಳಿಗೆ ಮತ್ತೆ ಸ್ಟಾರ್ಟ್ ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ. ಮೂಟೆ ಇಳಿಸುವಷ್ಟರಲ್ಲಿ ಹಿಮದ ಗಾಳಿ ಎದ್ದಿತು, ಹತ್ತು ಮಾರು ದೂರದ್ದು ಕಾಣುದಿಲ್ಲ. ಇವರು 'ಡೋರ್?' ಅಂದ್ರು. 'ಕ್ಲೋಸ್ಡ್ ಸರ್', ಹರಿನಾಥನದ್ದೇ ಸ್ವರ. ಹಾರಿಸಿದ್ರು. ಮೇಲೆ ಹೋದ ಮೇಲೆ ನೋಡಿದ್ರೆ... ಬಾಗಿಲು ಒಳಗಿಂದಲೇ ಹಾಕಿ ಉಂಟು. ಹರಿನಾಥ ಇಲ್ಲ. ಗಾಳಿ ನಿಂತ ಮೇಲೆ ಅವನ ಹೆಣ ಸಿಕ್ಕಿತಂತೆ, ಆ ರನ್‌ವೇಯ ಬದಿಯಲ್ಲೇ.

ಯಾರು ನಂಬ್ತಾರೆ ಹೇಳಿ? ಪ್ರಾಣಭಯಕ್ಕೆ ಬಿಟ್ಟು ಬಂದದ್ದು ಅಂತ ಊರೇ ಮಾತಾಡಿತು. ಹರಿನಾಥನ ತಾಯಿ ಪರಮೇಶ್ವರಿಯಮ್ಮ ಬೇಳದಲ್ಲಿ ಕ್ಯಾಪ್ಟನ್ರ ಮನೆಯಂಗಳದಲ್ಲಿ ನಿಂತು, 'ನನ್ನ ಮಗನನ್ನು ಯಾಕೆ ಬಿಟ್ಟು ಬಂದಿರಿ?' ಅಂತ ಕೇಳಿದ್ರು. ಆ ದಿನದಿಂದ ಕ್ಯಾಪ್ಟನ್ರ ಹೆಂಡತಿ ಮಗ್ದಲಿನ್ ಬಾಯಮ್ಮನಿಗೂ ಸಂಶಯ. ಬಾಯಿಬಿಟ್ಟು ಹೇಳ್ಲಿಲ್ಲ. ಆದ್ರೆ ಕ್ಯಾಪ್ಟನ್ರು ಏರ್‌ಫೋರ್ಸ್ ಬಿಟ್ಟು, ಬೊಂಬಾಯಿಯ ಪ್ಯಾಸೆಂಜರ್ ವಿಮಾನ ಬಿಡ್ಲಿಕ್ಕೆ ಸುರು ಮಾಡಿದ್ರಲ್ವಾ, ಗಂಡ ಬಿಡುವ ವಿಮಾನಕ್ಕೆ ಆ ಹೆಂಗಸು ಒಮ್ಮೆಯೂ ಕಾಲಿಡ್ಲಿಲ್ಲ. ಅದರಷ್ಟು ದೊಡ್ಡ ಮಾತು ಬೇರೆ ಉಂಟಾ?

ರಜೆ ಮುಗಿಸಿ ಬಜ್ಪೆ ಏರ್‌ಪೋರ್ಟಿಗೆ ಹೋಗುವಾಗ ಯಾವತ್ತೂ ನನ್ನದೇ ಕಾರು. ಅಭ್ಯಾಸ ಹೋಗ್ಬೇಕಲ್ಲ, ನನ್ನ ಹತ್ತಿರವೂ 'ಡೋರ್?' ಅಂತ ಕೇಳ್ತಿದ್ರು. ನಾನು ದೊಡ್ಡ ಪೈಲಟ್‌ನ ಹಾಗೆ 'ಕ್ಲೋಸ್ಡ್ ಸರ್' ಅಂತಿದ್ದೆ. ತೊಂಬತ್ತೈದರ ಆಟಿ ತಿಂಗಳಲ್ಲಿ ಬಾಯಮ್ಮ ಅಂತೂ ಮನಸ್ಸು ಮಾಡಿ ಗಂಡನ ಒಟ್ಟಿಗೆ ಹೊರಟ್ರು. ಕ್ಯಾಪ್ಟನ್ರ ಮುಖ ನೋಡ್ಬೇಕಿತ್ತು ನೀವು, ಮದುಮಗನ ಹಾಗೆ! ಬಾಯಮ್ಮ ಬ್ಯಾಗು ಹಿಂದಿನ ಸೀಟಿಗೆ ಹಾಕಿದ್ರು. ಇಂಥದ್ದೇ ಮಳೆ, ಕಾರಿನ ಕನ್ನಡಿಯೆಲ್ಲ ಮಂಜು. ನನ್ನ ಬದಿಯಲ್ಲಿ ಕೂತ ಕ್ಯಾಪ್ಟನ್ರು 'ಡೋರ್?' ಅಂದ್ರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬಾಯಮ್ಮ 'ಕ್ಲೋಸ್ಡ್' ಅಂದ್ರು. 'ನೀನೂ ಕಲಿತಿಯಾ?' ಅಂತ ಇವರು ನಕ್ಕರು. ನಾನೂ ನಕ್ಕು ಕಾರು ಬಿಟ್ಟೆ.

ಕುಂಬಳೆ ಹೊಳೆಯ ಸಂಕದ ಹತ್ತಿರ ಇವರು ಎಂತದೋ ಕೇಳಿದ್ರು. ಉತ್ತರ ಇಲ್ಲ. ತಿರುಗಿ ನೋಡಿದ್ರೆ... ಬ್ಯಾಗು ಮಾತ್ರ ಉಂಟು.

ವಾಪಸು ಬಂದಾಗ ಬಾಯಮ್ಮ ಮನೆಯ ಮೆಟ್ಟಿಲಲ್ಲಿ ಮಳೆಗೆ ನೆನೆದು ಚಂಡಿಯಾಗಿ ಕೂತಿದ್ರು, ಕೈಯಲ್ಲಿ ಜಪಸರ. ಅದನ್ನು ತರ್ಲಿಕ್ಕೆ ಅಂತ ಒಳಗೆ ಹೋದದ್ದಂತೆ. 'ಬಾಗಿಲಿಗೆ ಕೈ ಹಾಕುವಾಗ ಕಾರಿನ ಒಳಗೆ ನನ್ನ ಸ್ವರ ಕೇಳಿತು ಕಿಟ್ಟಣ್ಣ. ಯಾರೋ ಒಳಗಿಂದ ಎಳೆದ ಹಾಗೆ ಬಾಗಿಲು ಕೈತಪ್ಪಿ ಹೋಯ್ತು.' ಮತ್ತೆ ಗಂಡನ ಎರಡೂ ಕೈ ಹಿಡಿದು, 'ಇಷ್ಟು ವರ್ಷ ನಾನು ನಿಮ್ಮನ್ನು ನಂಬ್ಲಿಲ್ಲ' ಅಂತ ಅತ್ತರು. ನನಗೂ ತಡೀಲಿಕ್ಕೆ ಆಗ್ಲಿಲ್ಲ.

ಆ ದಿನ ಬಜ್ಪೆಗೆ ಹೋಗ್ಲಿಲ್ಲ, ಅಡೂರಿಗೆ ಹೋದ್ವು. ಪರಮೇಶ್ವರಿಯಮ್ಮ ಎಲ್ಲ ಕೇಳಿದ್ರು. ಕೊನೆಗೆ ಒಂದೇ ಮಾತು... 'ಹಾಗಾದ್ರೆ ನನ್ನ ಮಗನೂ ಹೊರಗೆ ನಿಂತು ತನ್ನ ಸ್ವರ ಕೇಳಿರಬಹುದಾ?' ಹಿಂದಿನಿಂದ ಮಾತಾಡುವುದು ಯಾರು ಅಂತ ತಿಳಿಯದವ ಅಷ್ಟು ಜನರನ್ನು ಕೂರಿಸಿಕೊಂಡು ಹಾರುವುದು ಹೇಗೆ? ಕ್ಯಾಪ್ಟನ್ರು ಮತ್ತೆ ವಿಮಾನ ಮುಟ್ಟಲೇ ಇಲ್ಲ."

ಈಶ್ವರಿ ಟೀಚರಿಗೆ ಒಳಗೊಳಗೇ ಅಳುಕಾಯಿತು. ಆದರೂ ಸೋಲೊಪ್ಪುವವರಲ್ಲ.

"ಹರಿನಾಥ ಆಗ ಹೊರಗೆ ಜೀವಂತ ಇದ್ದನಲ್ಲ ಕಿಟ್ಟಣ್ಣ. ಹಾಗಾದ್ರೆ ಒಳಗೆ ಉತ್ತರ ಕೊಟ್ಟದ್ದು ಯಾರು?"

"ನಾನೂ ಅದನ್ನೇ ಕೇಳುದು ಟೀಚರ್. ಯಾರನ್ನು ಹೊರಗೆ ಬಿಡ್ಲಿಕ್ಕೆ ಉಂಟೋ ಅವರ ಸ್ವರವನ್ನೇ ಅದು ತೆಗೀತದೆ. ಕ್ಯಾಪ್ಟನ್ರ ಹಿಂದೆಯೇ ಅದು ನನ್ನ ಕಾರಿಗೆ ಬಂತು. ಅವರು ಇಳಿದ್ರು. ಅದು ಇಳಿದದ್ದನ್ನು ನಾನು ನೋಡ್ಲಿಲ್ಲ."

ಮಳೆ ಸ್ವಲ್ಪ ತಗ್ಗಿತು. ಕಾರನ್ನು ಅಂಗಡಿಯ ಎದುರಿಗೆ ತರುತ್ತೇನೆಂದು ಕಿಟ್ಟಣ್ಣ ಎದ್ದು ಹೋದ. ಟೀಚರ್ ಕೊಡೆ ಬಿಡಿಸುತ್ತ ಜಗಲಿಯಲ್ಲೇ ನಿಂತಿದ್ದರು. ಕಾರು ಅವರೆದುರು ಬಂದು ಅರೆಗಳಿಗೆ ನಿಂತು, ಕಿಟ್ಟಣ್ಣ ಎಂದಿನಂತೆ ಇಳಿದು ಬಾಗಿಲು ನೋಡದೆ, ಹಾಗೆಯೇ ಮುಂದಕ್ಕೆ ಹೊರಟಿತು. ನಾಲ್ಕು ಮಾರು ಹೋಗಿ, ಏನೋ ನೆನಪಾದಂತೆ ಗಕ್ಕನೆ ನಿಂತಿತು. ಕಿಟ್ಟಣ್ಣ ಇಳಿದ. ಹಿಂದಿನ ಬಾಗಿಲು ಎಳೆದು ಒಳಗೆ ಇಣುಕಿದ. ಮತ್ತೆ ಅಂಗಡಿಯ ಕಡೆ ತಿರುಗಿ ಜಗಲಿಯಲ್ಲಿದ್ದ ಟೀಚರನ್ನು ನೋಡಿದ.

"ಟೀಚರ್... ಬಾಗಿಲು ಹಾಕಿದೆ ಅಂತ ಈಗ ಹಿಂದಿನಿಂದ ಹೇಳಿದ್ರಲ್ಲ... ನೀವು ಇನ್ನೂ ಅಲ್ಲೇ ಇದ್ದೀರಾ?"