ಕ್ಯಾಮೆರಾ ಇಲ್ಲದ ಕೋಣೆ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಬಿಡದೆ ಫೋನ್ ಮಾಡಿ ನನ್ನನ್ನು ಕರೆಸಿದ ಹೆಡ್‌ಮಾಸ್ತರರೇ, ಮಕ್ಕಳ ಕುಣಿತ ಯಾವಾಗ ಶುರುವಾಗುತ್ತದೋ ಎಂದು ಕಾದಿರುವ ಸಭಿಕರೇ,

ಬೀಗ, ಕ್ಯಾಮೆರಾ ಮಾರುವವನನ್ನು ಕವಿತಾ ಸ್ಪರ್ಧೆಯ ಬಹುಮಾನ ಕೊಡಲು ಕರೆದಿದ್ದೀರಿ. ವಿಷಯ ‘ಭಯ ಮತ್ತು ಭದ್ರತೆ’ ಅಂದ ಮೇಲೆ ನನ್ನನ್ನು ಬಿಟ್ಟು ಇನ್ಯಾರನ್ನು ಕರೆಯುತ್ತೀರಿ? ಇಂದು ಭಯವಿಲ್ಲದ ಮನೆ ಎಲ್ಲಿದೆ? ಇದ್ದರೆ ವಿಳಾಸ ಕೊಡಿ, ನಮ್ಮ ಕೆಲಸದವರು ಬಂದು ಸರಿ ಮಾಡಿಕೊಡುತ್ತಾರೆ.

ಮೊದಲ ಬಹುಮಾನ ನನ್ನ ಮಗಳಿಗೇ ಬಂದಿದೆ. ಇದರಲ್ಲಿ ನನ್ನ ಕೈವಾಡವಿಲ್ಲ. ಕಪ್ ಮಾತ್ರ ನಾನು ಕೊಡಿಸಿದ್ದು. ನಾಲ್ಕನೇ ಕ್ಲಾಸಿನ ಮಗು ಬರೆದದ್ದು, ಈಗಷ್ಟೇ ಕೈಗೆ ಕೊಟ್ಟರು, ಓದುತ್ತೇನೆ:

ಹೊರಗೆ ಕಳ್ಳ ಇದ್ದಾನಂತೆ,
ನಾನು ನೋಡಿಲ್ಲ.
ಒಳಗೆ ಕ್ಯಾಮೆರಾ ಇದೆ,
ಅದು ನನ್ನ ಬಿಡೋದಿಲ್ಲ.
ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟು
ಅಳ್ತಾಳೆ ಸುಮ್ಮನೆ.
ಅಲ್ಲಿಗೆ ಯಾರೂ ಬರಲ್ಲ,
ಅದೇ ನಮ್ಮ ಮನೆ.

ಚಪ್ಪಾಳೆ ಯಾಕೋ ಕಡಿಮೆಯಾಯಿತು. ಮಕ್ಕಳ ಕಲ್ಪನೆ, ಬಿಡಿ. ನನ್ನ ಹೆಂಡತಿಗೆ ಏನು ಕಮ್ಮಿ? ನಡುಮನೆಯಲ್ಲಿ ಕ್ಯಾಮೆರಾ, ಅಡುಗೆಮನೆಯಲ್ಲಿ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಕ್ಯಾಮೆರಾ. ಅಂಗಡಿಯಲ್ಲಿ ಕೂತೇ ಎಲ್ಲವನ್ನೂ ನೋಡಿಕೊಳ್ಳುತ್ತೇನೆ. ಒಮ್ಮೆ ಕಿಟಕಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದಳು. ತಕ್ಷಣ ಫೋನ್ ಮಾಡಿ, “ಯಾರನ್ನ ನೋಡ್ತಿದ್ದೀಯ?” ಅಂದೆ. “ಯಾರನ್ನೂ ಇಲ್ಲ ರೀ, ಬಿಸಿಲು ಬಂದಿತ್ತು” ಅಂದಳು. ಮರುದಿನವೇ ಕಿಟಕಿಗೆ ಕಪ್ಪು ಗಾಜು ಹಾಕಿಸಿದೆ. ಇಷ್ಟು ಕಾಳಜಿ ಮಾಡುವ ಗಂಡಂದಿರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ, ನೋಡೋಣ. ಸಂಕೋಚ, ಇರಲಿ.

ಅವಳ ತಂಗಿ ಮಾತ್ರ, “ಭಾವ, ಅಕ್ಕ ಉಸಿರಾಡೋದಾದ್ರೂ ಹೇಗೆ?” ಎಂದು ತಲೆ ತಿನ್ನುತ್ತಿದ್ದಳು. ಈಗ ತಿನ್ನುವುದಿಲ್ಲ. ಅವಳ ಮುಖ ಕಂಡರೆ ನಮ್ಮ ಗೇಟು ತೆರೆಯುವುದಿಲ್ಲ, ಹಾಗೆ ಮಾಡಿಟ್ಟಿದ್ದೇನೆ.

ಆದರೂ ಕೊರತೆ ತೋರಿಸಿದ್ದು ಮಗುವಾದರೇನು, ತಿದ್ದಿಕೊಳ್ಳಬೇಕಲ್ಲವೇ? ಬಚ್ಚಲು ನನ್ನ ಗಮನಕ್ಕೇ ಬಂದಿರಲಿಲ್ಲ. ಅಲ್ಲಿ ಕ್ಯಾಮೆರಾ ಹಾಕುವ ಹಾಗಿಲ್ಲ, ಮರ್ಯಾದೆಯ ಪ್ರಶ್ನೆ. ಆದರೆ ದನಿ ಹಿಡಿಯುವ ಹೊಸ ಯಂತ್ರ ಬಂದಿದೆ, ಬೆರಳಿನಷ್ಟೇ ಇದೆ. ನಾಳೆ ಬೆಳಿಗ್ಗೆಯೇ ಹಾಕಿಸುತ್ತೇನೆಂದು ಈ ವೇದಿಕೆಯ ಮೇಲೆ ನಿಂತು ಮಾತು ಕೊಡುತ್ತಿದ್ದೇನೆ.

ಈಗ ಬಹುಮಾನಕ್ಕೆ ಮಗಳು ಬರಲಿ. ಎಲ್ಲಿ? ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಳಲ್ಲ? ಅಮ್ಮನೂ ಕಾಣುತ್ತಿಲ್ಲ. ಗಾಬರಿಯೇನೂ ಬೇಡ. ಹೆಂಡತಿ ಎಲ್ಲಿ ಹೋದರೂ ನನ್ನ ಫೋನು ತೋರಿಸುತ್ತದೆ. ಒಂದು ನಿಮಿಷ. ನೋಡಿ, ಇದೇ ಸಭಾಂಗಣದಲ್ಲಿದ್ದಾಳೆ. ಮುಂದಿನ ಸಾಲಿನಲ್ಲೇ ಇದ್ದಾಳೆ. ಆ ಕುರ್ಚಿಯ ಮೇಲಿಂದ ಅವಳ ಫೋನು ಎತ್ತಿ ತೋರಿಸುತ್ತಿರುವವರು ದಯವಿಟ್ಟು ಅದನ್ನು ಕೆಳಗಿಡಿ. ಯಂತ್ರ ಸುಳ್ಳು ಹೇಳುವುದಿಲ್ಲ. ನನ್ನ ಹೆಂಡತಿ ಅಲ್ಲೇ ಇದ್ದಾಳೆ, ಕ್ಷೇಮವಾಗಿದ್ದಾಳೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.