ಜಯವಿಲಾಸ ಕ್ಲಬ್ಬಿನ ಕೆಂಪು ಚೆಂಡನ್ನು ನಾನು ಎತ್ತಿಕೊಂಡ ಬಗ್ಗೆ

ನಾನು, ಕದಿರಪ್ಪ ಬಿನ್ ಪಿಳ್ಳಣ್ಣ, ವಯಸ್ಸು 36 ವರ್ಷ, ಯಶವಂತಪುರ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ತೂಕದ ಗುಮಾಸ್ತ, ವಾಸ ಮತ್ತಿಕೆರೆ ಹಳೇ ಊರು, ಮಾರಮ್ಮನ ಗುಡಿಯ ಹಿಂದಿನ ಬೀದಿ. ಈ ದಿನ ಸಂಜೆ 5-15 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು, ನನ್ನ ಮೇಲೆ ಕೊಟ್ಟಿರುವ ಕಳವಿನ ದೂರಿಗೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ಚೆಂಡನ್ನು ಎತ್ತಿಕೊಂಡವನು ನಾನೇ. ಅದನ್ನು ಯಾರೂ ಪತ್ತೆ ಹಚ್ಚಬೇಕಾಗಿಲ್ಲ. ಕಳವಿನ ಕೇಸು ಬಿದ್ದ ಗುಮಾಸ್ತನನ್ನು ರೈಲ್ವೆಯವರು ತಕ್ಕಡಿಯ ಹತ್ತಿರ ನಿಲ್ಲಿಸುವುದಿಲ್ಲ, ನೌಕರಿಗೆ ಸಂಚಕಾರ ಬರುತ್ತದೆ ಎಂಬುದೂ ನನಗೆ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ.

ಯಶವಂತಪುರ ಪೇಟೆಯ ಜಯವಿಲಾಸ ಕ್ಲಬ್ಬಿಗೆ ನಾನು ಮೂರು ವರ್ಷದಿಂದ ಮೆಂಬರು. ಅಲ್ಲಿ ದಂಡು ಪ್ರದೇಶದ ಕಡೆಯಿಂದ ಹರಾಜಿನಲ್ಲಿ ತಂದ ಬಿಲಿಯರ್ಡ್ಸ್ ಮೇಜು ಇದೆ. ಎರಡು ಬಿಳಿ ಚೆಂಡು, ಒಂದು ಕೆಂಪು ಚೆಂಡು. ಒಬ್ಬೊಬ್ಬರಿಗೆ ಒಂದೊಂದು ಬಿಳಿ, ಕೆಂಪು ಇಬ್ಬರಿಗೂ ಸೇರಿದ್ದು. ಹೊಡೆತ ತಪ್ಪುವವರೆಗೆ ಒಬ್ಬರೇ ಆಡುತ್ತಾರೆ, ತಪ್ಪಿದರೆ ಸರದಿ ಇನ್ನೊಬ್ಬರಿಗೆ. ಕೋಲಿನ ತುದಿ ಬಿಟ್ಟು ಕೈಯೋ ಬಟ್ಟೆಯೋ ಚೆಂಡಿಗೆ ತಗುಲಿದರೆ ಫೌಲ್, ಆಗಲೂ ಸರದಿ ಹೋಗುತ್ತದೆ. ತಗುಲಿಸಿದವನೇ ಫೌಲ್ ಎಂದು ಬಾಯಿಬಿಟ್ಟು ಹೇಳಬೇಕು. ಇದು ಕ್ಲಬ್ಬಿನ ಗೋಡೆಯ ಮೇಲೆ ಬರೆದಿಲ್ಲ. ಬರೆಯದೆಯೇ ನಡೆದುಕೊಂಡು ಬಂದಿರುವ ಪದ್ಧತಿ.

ನಾನು ಸಾಧಾರಣ ಆಟಗಾರ. ಇದರಲ್ಲಿ ನನಗೆ ನಾಚಿಕೆಯಿಲ್ಲ. ಹೆಬ್ಬಾಳದ ಇಟ್ಟಿಗೆ ಗೂಡಿನ ಮಾಲೀಕರಾದ ರಾಮಕೃಷ್ಣಪ್ಪನವರು ಆರು ವರ್ಷದಿಂದ ಕ್ಲಬ್ಬಿನ ಚಾಂಪಿಯನ್. ಅವರ ಆಟ ಚೆನ್ನ, ಅದನ್ನೂ ಒಪ್ಪುತ್ತೇನೆ. ಆದರೆ ನಮ್ಮಂಥವರು ಮೇಜಿಗೆ ಬಗ್ಗಿದಾಗ ಅವರು ಬೆನ್ನು ತಿರುಗಿಸಿ ಕಾಫಿ ತರಿಸುತ್ತಾರೆ. ನಮ್ಮ ಹೊಡೆತ ತಪ್ಪಿದರೆ ಅಯ್ಯೋ ಪಾಪ ಎನ್ನುತ್ತಾರೆ, ಬಿದ್ದರೆ ಹೆಂಗೋ ಬಿತ್ತು ಎನ್ನುತ್ತಾರೆ. ಇದನ್ನು ಮೂರು ವರ್ಷ ನುಂಗಿಕೊಂಡಿದ್ದೇನೆ.

ಈ ದಿನ ಭಾನುವಾರ ಮಧ್ಯಾಹ್ನ 2-30ಕ್ಕೆ ವಾರ್ಷಿಕ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ನನಗೂ ಅವರಿಗೂ ಆಟ ಬಿತ್ತು. ಮೊದಲು ನೂರೈವತ್ತು ಮುಟ್ಟಿದವರು ಗೆದ್ದಂತೆ. ನೋಡಲು ಸುಮಾರು ಇಪ್ಪತ್ತೈದು ಜನ ಇದ್ದರು. ರಾಮಕೃಷ್ಣಪ್ಪನವರು ಎಲ್ಲರಿಗೂ ಕೇಳುವಂತೆ, 'ಕದಿರಪ್ಪ, ಐವತ್ತು ಪಾಯಿಂಟ್ ಮೊದ್ಲೇ ಇಟ್ಕೊಳ್ಳಯ್ಯ, ಬೇಗ ಮುಗಿಸ್ಬಿಡೋಣ' ಎಂದರು. ಅವರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಪಂದ್ಯಾವಳಿಯಲ್ಲಿ ದಾನ ಕೊಡುವ ನಿಯಮವಿಲ್ಲ, ನನಗೆ ಸೊನ್ನೆಯೇ ಸಾಕು ಎಂದು ತಿಳಿಸಿದೆ. ಜನ ನಕ್ಕರು. ಆಗ ಅವರು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ಆಡಲು ನಿಂತರು. ಜನ ಇನ್ನೂ ನಕ್ಕರು. ನನಗೆ ಮುಖಕ್ಕೆ ಹೊಡೆದಂತಾಯಿತು.

ಎಡಗೈಯಲ್ಲಿ ಅವರು ಎಪ್ಪತ್ತೆರಡು ಮಾಡಿದರು. ಅಷ್ಟರಲ್ಲಿ ನನ್ನ ಶರಟಿನ ಗುಂಡಿ ಬಿಳಿ ಚೆಂಡಿಗೆ ತಗುಲಿತು. ಯಾರೂ ನೋಡಿರಲಿಲ್ಲ. ನಾನೇ ಫೌಲ್ ಎಂದು ಹೇಳಿ ಹಿಂದೆ ಸರಿದೆ. ನಂತರ 3-20ಕ್ಕೆ ಕೈಗೆ ಆಟ ಕೂಡಿಬಂದು, ಒಂದೇ ಸರದಿಯಲ್ಲಿ ಮೂವತ್ತೊಂದು ಮಾಡಿ ಎಂಬತ್ತು ಮುಟ್ಟಿದೆ. ಕಾಫಿ ಲೋಟ ಕೆಳಗಿಟ್ಟು ರಾಮಕೃಷ್ಣಪ್ಪನವರು ಕೋಲನ್ನು ಬಲಗೈಗೆ ತೆಗೆದುಕೊಂಡರು. ಆಮೇಲೆ ಯಾರೂ ನಗಲಿಲ್ಲ. ಆ ಹೊತ್ತು ನನಗೆ ಆದ ಸಂತೋಷವನ್ನು ಇಲ್ಲಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

3-52ಕ್ಕೆ ಅವರದು ನೂರ ನಲವತ್ತೊಂದು, ನನ್ನದು ನೂರ ನಲವತ್ತು. ಸರದಿ ಅವರದು. ಅವರು ಮೇಜಿನ ಮೇಲೆ ಉದ್ದಕ್ಕೆ ಬಗ್ಗಿದಾಗ ಜುಬ್ಬದ ತೋಳು ಕೆಂಪು ಚೆಂಡಿಗೆ ತಗುಲಿ, ಚೆಂಡು ಒಂದು ಹುರುಳಿಕಾಳಿನಷ್ಟು ಸರಿಯಿತು. ನಾನು ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ. ಹನ್ನೊಂದು ವರ್ಷದಿಂದ ತಕ್ಕಡಿಯ ಮುಳ್ಳು ನೋಡಿರುವ ಕಣ್ಣು ನನ್ನದು. ಅವರು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಹೊಡೆದು ಮೂರು ಪಾಯಿಂಟ್ ಮಾಡಿ ಚಾಕು ಉಜ್ಜಿಕೊಳ್ಳತೊಡಗಿದರು. ಚಾಕು ಎಂದರೆ ಕೋಲಿನ ತುದಿಗೆ ಹಚ್ಚುವ ಸೀಮೆಸುಣ್ಣ, ಆಯುಧವಲ್ಲ.

ಅದು ಫೌಲ್, ಸರದಿ ನನ್ನದು ಎಂದು ಹೇಳಿದೆ. ಅವರು ಅಂಕ ಬರೆಯುವ ಮಾರ್ಕರ್ ಮುಕ್ತಾರ್ ಸಾಹೇಬರ ಕಡೆ ತಿರುಗಿ, 'ನೀನೇನಾದ್ರೂ ನೋಡ್ದೇನಯ್ಯ?' ಎಂದು ಕೇಳಿದರು. ಮುಕ್ತಾರ್ ಸಾಹೇಬರು, ತಾನು ಬೋರ್ಡಿನ ಕಡೆ ನೋಡುತ್ತಿದ್ದೆ ಎಂದರು. ಅವರು ನೋಡಿದರೋ ಇಲ್ಲವೋ ನಾನು ಕೇಳಲಿಲ್ಲ, ತಾವೂ ಕೇಳಬಾರದು. ಕ್ಲಬ್ಬು ಕೊಡುವ ಸಂಬಳದಲ್ಲಿ ಅವರ ಮನೆಯ ಆರು ಜನ ಉಣ್ಣಬೇಕು. ನನ್ನ ಸತ್ಯಕ್ಕೆ ಅವರ ಅನ್ನ ಕಸಿಯುವುದು ನನಗೆ ಬೇಡ.

ಆಗ ರಾಮಕೃಷ್ಣಪ್ಪನವರು, 'ಆಟ ಬಲ್ಲೋರು ಫೌಲ್ ಮಾಡಲ್ಲ ಕಣಯ್ಯ, ಆಡೋಕ್ ಬರ್ದೇ ಇರೋರು ಮಾಡ್ತಾರೆ. ನಿನ್ದು ನೀನ್ ನೋಡ್ಕೊ' ಎಂದರು. ಕಾರ್ಯದರ್ಶಿ ನರಸಿಂಹಯ್ಯನವರು ನನ್ನ ಭುಜ ಹಿಡಿದು, ಅಷ್ಟು ದೊಡ್ಡ ಆಟಗಾರರು ಸುಳ್ಳು ಹೇಳುತ್ತಾರೆಯೇ, ಅವರೊಂದಿಗೆ ಆಡಲು ಸಿಕ್ಕಿದ್ದೇ ನಿನ್ನ ಪುಣ್ಯ, ಸುಮ್ಮನಿರು ಎಂದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬುದು ಮನೆಯೊಳಗೆ ಬೇಕಾದರೆ ನಡೆಯಲಿ, ಪಂದ್ಯದಲ್ಲಿ ನಡೆಯಕೂಡದು ಎಂದು ಗಟ್ಟಿಯಾಗಿಯೇ ಹೇಳಿದೆ. ರಾಮಕೃಷ್ಣಪ್ಪನವರು ಮತ್ತೆ ಆಡಲು ಬಗ್ಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಕೈಚಾಚಿ ಕೆಂಪು ಚೆಂಡನ್ನು ಎತ್ತಿ ಕೋಟಿನ ಬಲಜೇಬಿಗೆ ಹಾಕಿಕೊಂಡೆ. ಫೌಲ್ ಒಪ್ಪುವವರೆಗೆ ಇದು ನನ್ನ ಹತ್ತಿರ ಇರುತ್ತದೆ, ನಾನು ಠಾಣೆಗೆ ಹೋಗುತ್ತಿದ್ದೇನೆ, ಬೇಕಾದವರು ಬನ್ನಿ ಎಂದು ಹೇಳಿ 4-05ಕ್ಕೆ ಮುಂಬಾಗಿಲಿನಿಂದಲೇ ಹೊರಬಂದೆ.

ಓಡಿಹೋದೆ ಎಂದು ದೂರಿನಲ್ಲಿ ಬರೆದಿದ್ದಾರೆ. ಕ್ಲಬ್ಬಿನಿಂದ ಠಾಣೆಗೆ ಮೂರು ಫರ್ಲಾಂಗ್. ನನಗೆ ಹತ್ತು ನಿಮಿಷ ಹಿಡಿಯಿತು. ಓಡುವವನಿಗೆ ಅಷ್ಟು ಹೊತ್ತು ಬೇಡ, ಓಡುವ ಕಳ್ಳನು ಠಾಣೆಯ ಕಡೆಗೆ ಓಡುವುದೂ ಇಲ್ಲ. ನಾನು ಬರುವಷ್ಟರಲ್ಲಿ ನರಸಿಂಹಯ್ಯನವರು ಚಾಂಪಿಯನ್ನರ ಕಾರಿನಲ್ಲಿ ಬಂದು ದೂರು ಬರೆಸುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ. ಕೇಳುವ ಮೊದಲೇ ಚೆಂಡನ್ನು ತೆಗೆದು ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಮೇಜಿನ ಮೇಲೆ ಇಟ್ಟೆ. ಫೌಲಿಗೆ ಯಾವ ಸೆಕ್ಷನ್ ಹಾಕಲಿ ಎಂದು ಸಾಹೇಬರು ಕೇಳಿದರು. ಅದು ತಮಗೆ ಗೊತ್ತಿರಬೇಕು ಎಂದೆ.

4-40ಕ್ಕೆ ನರಸಿಂಹಯ್ಯನವರು ಒಂದು ಕ್ಷಮಾಪಣೆ ಪತ್ರ ಬರೆದು ನನ್ನ ಮುಂದೆ ಇಟ್ಟರು. ಆಟದ ತಿಳಿವಳಿಕೆ ಸಾಲದೆ ಚಾಂಪಿಯನ್ನರ ಮೇಲೆ ತಪ್ಪು ಹೊರಿಸಿದೆ ಎಂದು ಅದರಲ್ಲಿದೆ. ಸಹಿ ಹಾಕಿದರೆ ದೂರು ವಾಪಸ್. ಮನೆಗೆ ಹೇಳಿಕಳುಹಿಸಿ ನನ್ನ ಹೆಂಡತಿ ಮುನಿಕೃಷ್ಣಮ್ಮಳನ್ನೂ ಕರೆಸಿದರು. ಆಕೆ ಪತ್ರವನ್ನು ಓದಿಸಿ ಕೇಳಿ, 'ತಗುಲಿದ್ ನಿಜಾನಾ?' ಎಂದು ನನ್ನನ್ನು ಒಂದೇ ಮಾತು ಕೇಳಿದಳು. ನಿಜ ಎಂದೆ. 'ಅಂಗಾರೆ ಆಕ್ಬ್ಯಾಡಿ' ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತಳು.

ಆ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಆಟ ಗೊತ್ತಿಲ್ಲದವನು ಎನ್ನಿಸಿಕೊಂಡು ಉಳಿಸಿಕೊಂಡ ನೌಕರಿಯಲ್ಲಿ ನಾಳೆ ಯಾವ ಮುಖ ಇಟ್ಟುಕೊಂಡು ತೂಕ ಹೇಳಲಿ? ಆದರೆ ಒಂದನ್ನು ಯಾರೂ ಕೇಳದೆಯೇ ಹೇಳುತ್ತೇನೆ. ಆಟ ನಡೆಯುವಾಗ ಮೇಜಿನ ಮೇಲಿನ ಚೆಂಡನ್ನು ಕೈಯಿಂದ ಎತ್ತುವುದು ಫೌಲ್. ಅದನ್ನು ನಾನು ಮಾಡಿದ್ದೇನೆ. ಅದಕ್ಕೆ ಏನು ಅಂಕ ಕಳೆಯಬೇಕೋ ಕಳೆಯಲಿ, ಅದರಿಂದ ನಾನು ಸೋತರೂ ಸರಿ. ನನ್ನ ಫೌಲನ್ನು ನಾನು ಪೊಲೀಸರ ಮುಂದೆ, ಸರ್ಕಾರದ ಕಾಗದದ ಮೇಲೆ ಹೇಳಿದ್ದೇನೆ. ರಾಮಕೃಷ್ಣಪ್ಪನವರು ಹೊರಗೆ ಕಾರಿನಲ್ಲಿ ಕುಳಿತಿದ್ದಾರೆ. ಅವರನ್ನು ಒಳಗೆ ಕರೆಸಿ, ಅವರದನ್ನೂ ಬರೆದುಕೊಳ್ಳಿ.

ಇದಿಷ್ಟನ್ನೂ ನಾನು ಹೇಳಿದಂತೆಯೇ ಠಾಣೆಯ ರೈಟರು ಬರೆದು ಓದಿ ಹೇಳಿದ್ದಾರೆ. ಸತ್ಯವಾಗಿದೆ, ಇದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಯಶವಂತಪುರ
ತಾರೀಖು: 11-9-1966, ಸಂಜೆ 6-10 ಗಂಟೆ
(ಸಹಿ) ಪಿ. ಕದಿರಪ್ಪ