ಸೀದಾ ಹೋದ ಕಮಾನು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರೇ, ಅವರ ಪಕ್ಕದಲ್ಲಿರುವ ನಮ್ಮ ಮೇಷ್ಟ್ರ ಮಗಳೇ, ಮೇಷ್ಟ್ರ ಕೈಯಲ್ಲಿ ರಿಪೇರಿಯಾದ ಪಿಟೀಲುಗಳನ್ನು ನುಡಿಸುತ್ತಾ ಬಂದಿರುವ ಕಲಾವಿದರೇ, ಬೀದಿಯ ಅಕ್ಕಪಕ್ಕದ ಅಂಗಡಿಯವರೇ — ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ. ಕುರ್ಚಿ ಖಾಲಿ ಇಟ್ಟುಕೊಂಡು ನಿಲ್ಲೋರನ್ನ ಕಂಡ್ರೆ ಮೇಷ್ಟ್ರಿಗೆ ಆಗ್ತಿರಲಿಲ್ಲ. "ಮರ ಕೊಯ್ದು, ಉಜ್ಜಿ, ಕುರ್ಚಿ ಮಾಡಿದೋನು ಹುಚ್ಚನಾ?" ಅಂತಿದ್ರು. ಬನ್ನಿ, ಬನ್ನಿ. ಹಾಂ.

ಇಂಥ ಶ್ರದ್ಧಾಂಜಲಿ ಸಭೆಗಳಲ್ಲಿ "ನನಗೆ ಮಾತು ಬರಲ್ಲ" ಅಂತ ಶುರು ಮಾಡೋದು ವಾಡಿಕೆ. ನಾನು ಹಾಗನ್ನಲ್ಲ. ನನಗೆ ಮಾತು ಚೆನ್ನಾಗೇ ಬರುತ್ತೆ. "ನಿನ್ನ ನಾಲಿಗೆಗಿರೋ ಹರಿತ ನಿನ್ನ ಉಳಿಗೂ ಇದ್ದಿದ್ರೆ ಇಷ್ಟೊತ್ತಿಗೆ ನೀನು ಎಲ್ಲೋ ಇರ್ತಿದ್ದೆ" — ಇದು ಮೇಷ್ಟ್ರೇ ನನಗೆ ಕೊಟ್ಟ ಬಿರುದು. ಹಾಗಾಗಿ ಇವತ್ತು ಆ ನಾಲಿಗೆಯನ್ನ ಅವರ ಕೆಲಸಕ್ಕೇ ಬಳಸ್ತೀನಿ. ಸುಮ್ಮನೆ ಹೊಗಳೋಕೆ ನಾನು ಎದ್ದು ನಿಂತಿಲ್ಲ. ಒಂದು ವಿಷಯ ಇತ್ಯರ್ಥ ಆಗಬೇಕು. ಅದಕ್ಕೆ ಬೇಕಾದ ಸಾಕ್ಷಿ ಈ ಹಾಲ್‌ನಲ್ಲೇ ಕೂತಿದ್ದಾರೆ.

ಮೇಷ್ಟ್ರ ಅಂಗಡಿಗೆ ಬರೋ ಮುಂಚೆ ನಾನು ಬಾಗಿಲು ಕಿಟಕಿ ಮಾಡ್ತಿದ್ದವನು. ಬಾಗಿಲು ಅಂದ್ರೆ ಗೊತ್ತಲ್ಲ — ಅಂಟು ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಬಿಡಬಾರದು. ಅದೇ ಹುಮ್ಮಸ್ಸಲ್ಲಿ, ಬಂದ ದಿನವೇ ಸರೇಸಿನ ಅಂಟನ್ನ ಚೆನ್ನಾಗಿ ಕುದಿಸಿ, ಗಟ್ಟಿ ಮಾಡಿ, ಅವರ ಮುಂದಿಟ್ಟೆ. ಮೇಷ್ಟ್ರು ಬೆರಳದ್ದಿ ನೋಡಿದ್ರು. ಏನೂ ಅನ್ನದೆ ಒಂದು ಲೋಟ ನೀರು ಸುರಿದುಬಿಟ್ರು! ನನಗೆ ಅವಮಾನ ಆಯ್ತು. "ಯಾಕೆ ಸ್ವಾಮಿ?" ಅಂದೆ. "ಹವೆ ಒಣಗಿದಾಗ ಪಿಟೀಲು ಎಲ್ಲೋ ಒಂದು ಕಡೆ ಬಿಡಲೇಬೇಕಯ್ಯಾ. ಅಂಟು ಬಿಟ್ರೆ ಮತ್ತೆ ಹಚ್ಚಬಹುದು, ಮರ ಸೀಳಿದ್ರೆ ಏನು ಮಾಡ್ತೀಯಾ? ನಿನ್ನ ನಂತರ ಇದನ್ನ ಬಿಚ್ಚೋನು ಒಬ್ಬ ಇದ್ದೇ ಇರ್ತಾನೆ. ಅವನಿಗೆ ದಾರಿ ಬಿಡು" ಅಂದ್ರು. ಬಾಗಿಲು ಮಾಡೋನಿಗೆ ಇದು ತಲೆಗೆ ಹೋಗೋಕೆ ಬಹಳ ಕಾಲ ಬೇಕಾಯ್ತು. ಹೋದ ಮೇಲೆ ನಾನು ಆ ಅಂಗಡಿ ಬಿಡಲಿಲ್ಲ.

ಅಂಗಡಿಗೆ ಬಂದವರಿಗೆಲ್ಲ ಗೊತ್ತು — ಕಿಟಕಿ ಪಕ್ಕದ ಬೆಂಚು ಮೇಷ್ಟ್ರದು, ಗೋಡೆ ಪಕ್ಕದ್ದು ನನ್ನದು, ಒಳಗಡೆ ದೀಪದ ಕೆಳಗಿನದು ಮಗಳದು. ನಾವಿಬ್ಬರೂ ಪಿಟೀಲು, ಅವಳು ಕಮಾನು. ಕಮಾನಿನ ಕೆಲಸ ನೋಡೋಕೆ ಏನೂ ಇಲ್ಲ, ಒಂದು ಕೋಲು, ಒಂದು ಹಿಡಿ ಕುದುರೆ ಕೂದಲು. ಆದ್ರೆ ಆ ಕೋಲನ್ನ ಬೆಂಕಿ ಮೇಲೆ ಹೀಗೆ ಆಡಿಸಿ, ಬಿಸಿ ಒಳಗಿನ ತನಕ ಇಳಿಯೋವರೆಗೆ ಕಾದು, ಆಮೇಲೆ ಬಾಗಿಸಬೇಕು. ಒಂದು ಚೂರು ಅವಸರ ಮಾಡಿದ್ರೆ ಟಪ್ ಅಂತ ಮುರಿಯುತ್ತೆ. ಅವಳಿಗೆ ಅದನ್ನ ಕಲಿಸಿದ್ದು ಅವಳಪ್ಪನೇ. ಕಲಿಸಿದ್ದು ಅನ್ನೋದಕ್ಕಿಂತ — ಅರೆದದ್ದು ಅನ್ನಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮ ಮೇಷ್ಟ್ರಿಗೆ ಆ ಗಾದೆ ಯಾರೂ ಹೇಳಿಕೊಟ್ಟಿರಲಿಲ್ಲ!

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಕೆಲಸ ಮುಗಿಸಲಿ, ವಾದ್ಯ ಗಿರಾಕಿಗೆ ಹೋಗೋ ಮುಂಚೆ ಮೇಷ್ಟ್ರ ಕೈಗೆ ಹೋಗಬೇಕು. ಅವರು ಕಿಟಕಿ ಬೆಳಕಿಗೆ ಹಿಡಿದು, ತಿರುಗಿಸಿ, ಸವರಿ, ತಟ್ಟಿ ನೋಡ್ತಿದ್ರು. ನೂರಕ್ಕೆ ತೊಂಬತ್ತು ಪಾಲು ವಾಪಸ್. "ಇನ್ನೊಂದು ಸಲ" — ಅಷ್ಟೇ ಮಾತು. ಆದ್ರೆ ಯಾವಾಗಲೋ ಒಮ್ಮೆ, ಅವರಿಗೆ ಕೆಲಸಗಾರನ ಕೈ ಮೇಲೆ ಪೂರ್ತಿ ನಂಬಿಕೆ ಬಂದಾಗ, ಏನೂ ಪರೀಕ್ಷೆ ಮಾಡದೆ ಹಾಗೇ ಗಿರಾಕಿ ಕೈಗೆ ಕೊಟ್ಟುಬಿಡ್ತಿದ್ರಂತೆ. ಅದಕ್ಕೆ ನಾವು "ಸೀದಾ ಹೋಯ್ತು" ಅಂತಿದ್ವಿ. "ಕೊಡ್ತಿದ್ರಂತೆ" ಅಂದೆ, ಗಮನಿಸಿ. ಅವರ ಹತ್ರ ಹಿಂದೆ ಕಲಿತು ಹೋದ ಹಿರಿಯರು ಹೇಳಿದ್ದು. ನನ್ನದು ಇಷ್ಟು ವರ್ಷದಲ್ಲಿ ಒಂದೂ ಸೀದಾ ಹೋಗಲಿಲ್ಲ. ನಗಬೇಡಿ, ನಿಜ.

ಮಗಳದೂ ಹೋಗಿರಲಿಲ್ಲ. ಅಪ್ಪ ಮಗಳು ಇದೇ ಜಗಳ ಮನೆಗೂ ಒಯ್ತಿದ್ರು. ಅತ್ತಿಗೆ ಗದರ್ತಿದ್ದದ್ದು ನಾನೇ ಕೇಳಿದ್ದೀನಿ — "ಊಟದ ತಟ್ಟೆ ಮುಂದೆ ಕಮಾನು ಎತ್ತಿದ್ರೆ ಇಬ್ಬರಿಗೂ ಅನ್ನ ಇಲ್ಲ." ಅತ್ತಿಗೆ, ಹೌದು ತಾನೆ? — ನೋಡಿ, ನಕ್ಕರು. ಅಷ್ಟು ಸಾಕು ನನಗೆ.

ಈಗ ವಿಷಯಕ್ಕೆ ಬರ್ತೀನಿ. ಮೇಷ್ಟ್ರ ಕಣ್ಣು ಕೊನೆಕೊನೆಗೆ ಮಂಜಾಗಿದ್ದು ನಿಮಗೆಲ್ಲ ಗೊತ್ತು. ಎದುರು ನಿಂತವರು ಯಾರು ಅಂತ ದನಿಯಿಂದ ಹೇಳ್ತಿದ್ರು. ಹೋದ ತಿಂಗಳು, ಇಲ್ಲಿ ಎರಡನೇ ಸಾಲಲ್ಲಿ ಕೂತಿರೋ ಈ ಪಿಟೀಲು ವಾದಕಿಯವರು ತಮ್ಮ ಹೊಸ ಕಮಾನು ತಗೊಂಡು ಹೋಗೋಕೆ ಬಂದ್ರು. ಮಗಳು ಮಾಡಿದ ಕಮಾನು. ಅವಳು ಒಳಗಿಂದ ತಂದು ಅಪ್ಪನ ಕೈಗಿಟ್ಟಳು, ಇಟ್ಟು ಕಾದು ನಿಂತಳು. ಮೇಷ್ಟ್ರು — ಸವರಲಿಲ್ಲ, ಬಗ್ಗಿಸಲಿಲ್ಲ, ಬೆರಳ ಮೇಲೆ ತೂಗಿ ನೋಡಲಿಲ್ಲ. "ತಗೊಳ್ಳಮ್ಮಾ" ಅಂತ ಅವರ ಕೈಗೆ ಕೊಟ್ಟುಬಿಟ್ರು.

ಸೀದಾ ಹೋಯ್ತು! ನನಗೆ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳಲಿ. ಮಗಳ ಮುಖ ನೋಡಿದೆ. ಅಲ್ಲಿ ಖುಷಿಯೇ ಇಲ್ಲ. ಸರ್ರನೆ ಒಳಗೆ ಹೋದಳು.

ನಿನ್ನೆ ಸಂಜೆ, ಈ ಸಭೆಗೆ ಕುರ್ಚಿ ಜೋಡಿಸ್ತಾ, ಅವಳು ನನಗೆ ಹೇಳಿದ್ಲು: "ಚಿಕ್ಕಪ್ಪಾ, ಸೋಮವಾರ ಉಪಕರಣ ತಗೊಳ್ಳೋರು ಬರ್ತಾರೆ. ಅಂಗಡಿ ಮುಚ್ತೀನಿ. ಅಪ್ಪ ಒಪ್ಪದ ಕೈಯಿಂದ ಅಪ್ಪನ ಹೆಸರಲ್ಲಿ ಕೆಲಸ ಮಾಡಲ್ಲ." ನಾನು, "ಅಲ್ಲ ಕಣೇ, ಆ ಕಮಾನು ಸೀದಾ ಹೋಯ್ತಲ್ಲ!" ಅಂದೆ. ಅದಕ್ಕೆ ಅವಳು, "ಕಣ್ಣು ಕಾಣ್ತಿರಲಿಲ್ಲ ಚಿಕ್ಕಪ್ಪಾ. ನೋಡೋಕಾಗಲಿಲ್ಲ, ಕೊಟ್ರು. ಅದು ಒಪ್ಪಿಗೆ ಅಲ್ಲ, ಆಯಾಸ" ಅಂದ್ಲು.

ನಾನು ಉಳಿದ ಕುರ್ಚಿ ಜೋಡಿಸಿ ಮುಗಿಸಿದೆ. ಇಷ್ಟುದ್ದ ನಾಲಿಗೆ ಇದ್ದೂ, ಮನೆಗೆ ಹೋಗಿ ಚಪ್ಪಲಿ ಬಿಡುವಾಗಲಷ್ಟೇ ಉತ್ತರ ಹೊಳೀತು. ಅದನ್ನ ಎಲ್ಲರ ಮುಂದೆ ಹೇಳೋಣ, ಸಾಕ್ಷಿ ಸಮೇತ ಹೇಳೋಣ ಅಂತ ಹಿಡಿದಿಟ್ಟುಕೊಂಡೆ.

ಮಗಳೇ, ಕೇಳು. ಅವತ್ತು ಬೆಳಗ್ಗೆ ನೀನು ಕಮಾನಿನ ಕೂದಲು ತರೋಕೆ ಹೋಗಿದ್ದೆ. ಎರಡನೇ ಸಾಲಿನ ಈ ಅಮ್ಮ ಹೇಳಿದ ಹೊತ್ತಿಗಿಂತ ಮುಂಚೆ ಬಂದು ಸ್ಟೂಲ್ ಮೇಲೆ ಕೂತಿದ್ರು. ನಾನು ಒಂದು ಹಳೇ ಪಿಟೀಲಿಗೆ ಹೊಸ ಕುದುರೆ ಕೂರಿಸಿ ನಿಮ್ಮಪ್ಪನ ಕೈಗೆ ಕೊಟ್ಟೆ — ತಂತಿ ಹೊರೋ ಆ ಚಿಕ್ಕ ಮರದ ತುಂಡು ಇದೆಯಲ್ಲ, ಅದು. ಕಣ್ಣು ಪೂರ್ತಿ ಮುಚ್ಚಿದ್ರು. ಕುದುರೆಯ ಕಾಲ ಕೆಳಗೆ ಉಗುರು ಹೀಗೆ ತೂರಿಸಿದ್ರು. ನಾನು ಕನ್ನಡಕ ಹಾಕಿಕೊಂಡೂ ಕಾಣದ ಸಂದು ಅವರ ಉಗುರಿಗೆ ಸಿಕ್ತು! "ಒಂದು ಕಾಲು ತೇಲ್ತಿದೆ. ಇದು ಕುದುರೆ ಅಲ್ಲಯ್ಯಾ, ಕುಂಟುಗತ್ತೆ. ಇನ್ನೊಂದು ಸಲ" ಅಂತ ವಾಪಸ್ ಕೊಟ್ರು.

ಅಮ್ಮಾ, ನೀವು ಅಲ್ಲೇ ಇದ್ರಿ. ನಾನು ಹೇಳಿದ್ದರಲ್ಲಿ ಸುಳ್ಳಿದ್ರೆ ಎದ್ದು ಹೇಳಿಬಿಡಿ. — ಏಳ್ತಿಲ್ಲ. ಹೌದು ಅಂತ ತಲೆ ಆಡಿಸ್ತಿದ್ದಾರೆ. ಎಲ್ಲರೂ ನೋಡಿದ್ರಲ್ಲ?

ಹಾಗಾದ್ರೆ ಲೆಕ್ಕ ಹಾಕು ಮಗಳೇ. ಬೆಳಗ್ಗೆ ನನ್ನ ತಪ್ಪು ಹಿಡಿದ ಬೆರಳು ಮಧ್ಯಾಹ್ನದ ಹೊತ್ತಿಗೆ ಸತ್ತುಹೋಗಿರಲಿಲ್ಲ. ನಿನ್ನ ಕೋಲನ್ನ ತುದಿಯಿಂದ ಬುಡಕ್ಕೆ ಒಂದು ಸಲ ಸವರಿದ್ರೆ ಸಾಕಿತ್ತು, ಅವರಿಗೆ ಎಲ್ಲ ತಿಳೀತಿತ್ತು. ಸವರೋಕೆ ಆಗ್ತಿತ್ತು, ಸವರಲಿಲ್ಲ. ನಿನ್ನ ಕೈಯನ್ನ ಒಪ್ಪಿದ್ರು. ಕಣ್ಣಾರೆ ಕಂಡವನು ನಾನು ಹೇಳ್ತಿದ್ದೀನಿ — ಸಂಶಯ ಬೇಡ.

ಮೇಷ್ಟ್ರು ನನಗೆ ಬೇಕಿತ್ತು. ಬೆಳಗಾದ್ರೆ ಬೈಯೋಕಾದ್ರೂ ಬೇಕಿತ್ತು. ಆ ಕಿಟಕಿ ಪಕ್ಕ ಈಗ ಬೆಂಚು ಮಾತ್ರ ಇದೆ, ನೋಡೋಕಾಗಲ್ಲ. ಆದ್ರೆ ಮಾಡಿದ್ದನ್ನ ತೋರಿಸಿ ಬೈಸಿಕೊಳ್ಳೋಕೆ ಅದೇ ಅಂಗಡಿಯಲ್ಲಿ, ದೀಪದ ಕೆಳಗೆ, ಇನ್ನೊಬ್ಬರು ಇದ್ದಾರೆ ಅಂತ ನನಗೆ ಗೊತ್ತು. ನನ್ನ ಆ ಕುಂಟುಗತ್ತೆ ಇನ್ನೂ ಬೆಂಚಿನ ಮೇಲೇ ಇದೆ. ಸರಿ ಮಾಡಿದ್ದೀನಿ ಅಂದುಕೊಂಡಿದ್ದೀನಿ. ಯಾರಾದ್ರೂ ಪರೀಕ್ಷೆ ಮಾಡಬೇಕಲ್ಲ! ಸೋಮವಾರ ಬರೋರಿಗೆ ಏನು ಹೇಳಬೇಕೋ ಅದು ನಿನಗೆ ಬಿಟ್ಟದ್ದು, ನಾನು ಬಾಯಿ ಹಾಕಲ್ಲ. ನಾನು ಮಾತ್ರ ಎಂದಿನ ಹೊತ್ತಿಗೆ ಅಂಗಡಿ ಬಾಗಿಲಲ್ಲಿ ನಿಂತಿರ್ತೀನಿ.

ಮಾತು ಮುಗೀತು. ಈಗ ಅಗಲಿದ ನಮ್ಮ ಗುರುಗಳಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿರಬೇಕು ಅಂತ ಕೇಳಿಕೊಳ್ತೀನಿ. ತಡೀರಿ, ತಡೀರಿ — ಇನ್ನೂ ಯಾರೂ ಏಳಬೇಡಿ. ಮೊದಲು ಅಂಗಡಿಯ ಯಜಮಾನಿ ಏಳಲಿ.

ಏಳು ಮಗಳೇ.

ಹಾಂ. ಈಗ ನಾವೆಲ್ಲ.